ಭೂಪಟಗಳ ಚಿರರಕ್ಷಣೆಯೂ ಗಣಕಕಡತಗಳ ರೂಪವಿಚಾರವೂ

ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಬರುವ ಊರು, ನಾಡು, ನದಿಗಳ ಹೆಸರುಗಳನ್ನು ಇಂದಿನ ನೆಲದ ಮೇಲೆ ಗುರುತಿಸುವ ಕಾರ್ಯದಲ್ಲಿ ತೊಡಗಿರುವ ವಿದ್ವಾಂಸರಿಗೆ ಭೂಪಟವು ಎಷ್ಟು ಆವಶ್ಯಕವಾದ ಸಾಧನವೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಈ ಭೂಪಟಗಳು ಈಗ ಬಹುಮಟ್ಟಿಗೆ ಕಾಗದವನ್ನು ಬಿಟ್ಟು ಗಣಕಯಂತ್ರದ ಕಡತಗಳಾಗಿ ಪರಿಣಮಿಸಿವೆ. ಕಾಗದದ ಪಟವನ್ನು ಗೆದ್ದಲಿನಿಂದಲೂ ತೇವದಿಂದಲೂ ಕಾಪಾಡಿದರೆ ಸಾಕಾಗಿತ್ತು. ಕಡತವಾದರೋ ತನ್ನಲ್ಲಿ ಒಂದು ಅಂಕಿಯೂ ಅಳಿಯದೆ ಇದ್ದು, ಓದಬಲ್ಲವರಿಲ್ಲದೆ ನಷ್ಟವಾಗಬಹುದು. ಆದಕಾರಣ, ಯಾವ ರೂಪದಲ್ಲಿ ಬರೆದಿಟ್ಟರೆ ಐವತ್ತು ನೂರು ವರ್ಷಗಳ ಮೇಲೆ ಅದನ್ನು ತೆರೆದು ಓದುವುದು ಸಾಧ್ಯವಾದೀತೆಂಬುದು ಮೊದಲು ನಿರ್ಣಯವಾಗಬೇಕಾದ ವಿಷಯ. ಇದು ಯಂತ್ರಶಾಸ್ತ್ರಜ್ಞರಿಗೆ ಸೇರಿದ ಮಾತೆಂದು ನಮ್ಮವರು ದೂರವಿಡುವುದುಂಟು. ವಾಸ್ತವವಾಗಿ ಇದು ಹಸ್ತಪ್ರತಿಗಳ ಪರಂಪರೆಯನ್ನು ಬಲ್ಲವರಿಗೆ ಬಹು ಪರಿಚಿತವಾದ ಪ್ರಶ್ನೆಯೇ ಆಗಿದೆ; ಹೆಸರು ಮಾತ್ರ ಹೊಸದು.

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕಂಡವರಲ್ಲಿ ಕ್ರಿ. ಶ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಟಾಲೆಮಿಯು ಗಣ್ಯನು. ಪಟವನ್ನು ನೋಡಿ ಪಟವನ್ನು ಬರೆಯುತ್ತ ಹೋದರೆ ಒಂದೊಂದು ಪ್ರತಿಯಲ್ಲಿಯೂ ಸ್ವಲ್ಪ ಸ್ವಲ್ಪ ವ್ಯತ್ಯಾಸವು ಸೇರಿ ಕಡೆಗೆ ಮೂಲಕ್ಕೂ ಪ್ರತಿಗೂ ಸಾಮ್ಯವೇ ಉಳಿಯುವುದಿಲ್ಲವೆಂದು ಅವನು ತನ್ನ ಭೂಗೋಳಗ್ರಂಥದ ಮೊದಲನೆಯ ಭಾಗದಲ್ಲಿ ಹೇಳಿದ್ದಾನೆ. ಅದಕ್ಕೆ ಅವನು ಕಂಡ ಪರಿಹಾರವು, ಪಟವನ್ನು ನೆಚ್ಚದೆ, ಸುಮಾರು 8000 ಸ್ಥಳಗಳ ಹೆಸರನ್ನೂ ಅವುಗಳ ರೇಖಾಂಶ ಅಕ್ಷಾಂಶಗಳನ್ನೂ ಪಟ್ಟಿಯಾಗಿ ಬರೆದಿಡುವುದು. ಚಿತ್ರವು ನಷ್ಟವಾದರೂ ಪಟ್ಟಿಯಿಂದ ಚಿತ್ರವನ್ನು ಪುನಃ ಬರೆಯಬಹುದೆಂಬುದು ಅವನ ಆಶಯ. ಹಾಗೆಯೇ ನಡೆಯಿತು. ಈಗ ದೊರೆಯುವ ಗ್ರೀಕ್ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವು 13ನೆಯ ಶತಮಾನದ ಕೊನೆಯ ಭಾಗದವು. ಸುಮಾರು 1295ರಲ್ಲಿ ಬೈಜಾಂಟಿಯಮ್ಮಿನ ಪಂಡಿತನಾದ ಮ್ಯಾಕ್ಸಿಮಸ್ ಪ್ಲಾನೂಡಿಸನು ಬಹುಕಾಲ ಮರೆಯಾಗಿದ್ದ ಈ ಗ್ರಂಥವನ್ನು ಹುಡುಕಿ ಪಡೆದು, ಅದರ ಪಟಗಳನ್ನು ಸಿದ್ಧಪಡಿಸಿದನು. ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವನ್ನು ದಾಟಿ ಬಂದುದು ಆ ಪಟ್ಟಿ. ಅದರ ಏಳನೆಯ ಭಾಗದ ಭಾರತವರ್ಣನೆಯಲ್ಲಿ ನಮ್ಮ ಬನವಾಸಿಯ ಹೆಸರೂ ಇರುವುದು ವಾಚಕರಿಗೆ ವಿದಿತವೇ ಆಗಿದೆ.

ಆದರೆ ಪಟ್ಟಿಯೂ ನಿರ್ದೋಷವಾಗಿ ಬಂದಿತೆಂದು ಹೇಳುವ ಹಾಗಿಲ್ಲ. ಗ್ರೀಕರು ಅಕ್ಷರಗಳಿಂದಲೇ ಸಂಖ್ಯೆಗಳನ್ನು ಬರೆಯುತ್ತಿದ್ದರು. ಒಂದನ್ನು ಸೂಚಿಸುವ ಆಲ್ಫಾ, ನಾಲ್ಕನ್ನು ಸೂಚಿಸುವ ಡೆಲ್ಟಾ, ಮೂವತ್ತನ್ನು ಸೂಚಿಸುವ ಲ್ಯಾಂಬ್ಡಾ, ಈ ಮೂರೂ ದೊಡ್ಡಕ್ಷರದ ಬರವಣಿಗೆಯಲ್ಲಿ ಒಂದನ್ನೊಂದು ಹೋಲುತ್ತವೆ. ಲಿಪಿಕಾರನ ಕಣ್ಣು ತಪ್ಪಿದರೆ ಊರು ಸಮುದ್ರಕ್ಕೆ ಬೀಳುತ್ತದೆ. ಎರಡು ಹಸ್ತಪ್ರತಿಶಾಖೆಗಳಲ್ಲಿ ಒಂದೇ ಊರಿಗೆ ಬೇರೆ ಬೇರೆ ಅಂಶಗಳು ಕಾಣುವುದಕ್ಕೆ ಇದೂ ಒಂದು ಕಾರಣ. ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಭೂಪರಿಧಿಯ ಒಂದು ಅಂಶಕ್ಕೆ ಟಾಲೆಮಿಯು 500 ಸ್ಟೇಡಿಯಗಳೆಂದು ಎಣಿಸಿದನು. ಅವನಿಗೆ ಹಿಂದಿನ ಎರಟಾಸ್ತನೀಸನ ಎಣಿಕೆ 700. ಆ ಸ್ಟೇಡಿಯವು ಇಂದಿನ ಅಳತೆಯಲ್ಲಿ ಎಷ್ಟೆಂಬ ವಿಷಯದಲ್ಲಿ ಪಂಡಿತರಿಗೆ ಈಗಲೂ ಏಕಾಭಿಪ್ರಾಯವಿಲ್ಲ. ಅಂಕಿಯು ಉಳಿಯಿತು, ಅಂಕಿಯ ಮಾನವು ಸಂದಿಗ್ಧವಾಯಿತು.

ಇದರೊಡನೆ ನಮ್ಮ ವರಾಹಮಿಹಿರನ ಪಂಚಸಿದ್ಧಾಂತಿಕೆಯನ್ನು ಹೋಲಿಸಿ ನೋಡಬೇಕು. 6ನೆಯ ಶತಮಾನದ ಈ ಗ್ರಂಥದಲ್ಲಿ ಯವನಪುರದಿಂದ, ಎಂದರೆ ಅಲೆಕ್ಸಾಂಡ್ರಿಯಾದಿಂದ, ಅವಂತಿಗೆ ದೇಶಾಂತರವು ಏಳೂ ಮೂರನೆಯೊಂದು ನಾಡಿಗಳು, ವಾರಾಣಸಿಗೆ ಒಂಬತ್ತು ನಾಡಿಗಳು ಎಂದು ಹೇಳಲ್ಪಟ್ಟಿದೆ. ಅಹೋರಾತ್ರಕ್ಕೆ 60 ನಾಡಿಗಳು, ಚಕ್ರಕ್ಕೆ 360 ಅಂಶಗಳು. ಆದುದರಿಂದ ಒಂದು ನಾಡಿಗೆ 6 ಅಂಶಗಳು. ಇದು ಶಾಸ್ತ್ರವನ್ನು ಓದಿದ ಬಾಲಕನಿಗೂ ತಿಳಿದ ಪರಿಭಾಷೆ. ಲೆಕ್ಕಮಾಡಿದರೆ ಉಜ್ಜಯಿನಿಗೆ 44, ಕಾಶಿಗೆ 54 ಅಂಶಗಳಾಗುತ್ತವೆ. ಇಂದಿನ ಅಳತೆಯಲ್ಲಿ ಇವು ಕ್ರಮವಾಗಿ ಸುಮಾರು 46 ಮತ್ತು 53. ಹದಿನಾಲ್ಕು ಶತಮಾನಗಳ ಮೇಲೆಯೂ ಈ ವಾಕ್ಯವನ್ನು ನಾವು ನಿಸ್ಸಂಶಯವಾಗಿ ಓದಬಲ್ಲೆವು. ಅದರ ತಪ್ಪನ್ನು ಕೂಡ ಇಷ್ಟೆಂದು ಅಳೆಯಬಲ್ಲೆವು. ಇದಕ್ಕೆ ಹೇತುವು, ಮಾನದ ಪರಿಭಾಷೆಯು ಒಂದು ಗ್ರಂಥಕ್ಕೆ ಮಾತ್ರ ಸೇರಿದ ಗುಟ್ಟಾಗಿರದೆ ಸಮಸ್ತ ಜ್ಯೌತಿಷಶಾಸ್ತ್ರಕ್ಕೂ ಸಾಧಾರಣವಾಗಿದ್ದುದೇ.

ಅಂಕಿಯಿಲ್ಲದೆ ಹೆಸರುಗಳಿಂದಲೇ ಬರೆದ ಪಟಗಳೂ ನಮ್ಮಲ್ಲಿವೆ. ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಎಲ್ಲೆಯನ್ನು ಎರಡು ನದಿಗಳಿಂದಲೂ, ಅದರ ತಿರುಳನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳಿಂದಲೂ ಗುರುತಿಸಿರುವುದು ಎಲ್ಲರಿಗೂ ತಿಳಿದ ವಿಷಯ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೈಲಹೊಂಗಲದ ಕಡೆಯ ಒಕ್ಕುಂದ, ಈ ನಾಲ್ಕನ್ನು ಗೆರೆಗಳಿಂದ ಸೇರಿಸಿದರೆ ಇಂದಿನ ಶಾಸ್ತ್ರಜ್ಞರು ಬಹುಭುಜಾಕೃತಿಯೆಂದು ಕರೆಯುವ ರೂಪವೇ ದೊರೆಯುತ್ತದೆ. ಊರುಗಳು ನಿಂತಲ್ಲಿ ನಿಂತಿರುವುದರಿಂದ ಆ ಪಟವು ಜೀವಿಸಿದೆ. ಇದಕ್ಕೆ ಪ್ರತಿಯಾಗಿ ದಾನಶಾಸನಗಳ ಸೀಮಾವಿವರಣೆಗಳನ್ನು ನೋಡಿರಿ: ಮೂಡಲು ಹುಣಿಸೆಯ ಮರ, ತೆಂಕಲು ಹುತ್ತ, ಪಡುವಲು ಹಳ್ಳದ ತಿರುವು. ಅಕ್ಷರವು ಕಲ್ಲಿನ ಮೇಲೆ ಅಚ್ಚಳಿಯದೆ ಇದೆ, ಭಾಷೆಯೂ ತಿಳಿಯುತ್ತದೆ. ಮರವು ಒಣಗಿತು, ಹುತ್ತವು ಕರಗಿತು, ಹಳ್ಳವು ತಿರುಗಿತು. ಭೂಮಿಯು ಎಲ್ಲಿಯದೆಂದು ಹೇಳುವುದು ಕಷ್ಟವಾಯಿತು. ಯಾವುದನ್ನು ಆಶ್ರಯಿಸಿ ಸ್ಥಳವನ್ನು ಹೇಳಿದೆಯೋ ಆ ಆಶ್ರಯವು ನಷ್ಟವಾದರೆ ಅಳತೆಯ ಮಾತು ನಿರರ್ಥಕವಾಗುತ್ತದೆ. ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕಯಂತ್ರದ ಕಾಲಕ್ಕೆ ಬರೋಣ.

ಇಂಗ್ಲೆಂಡಿನಲ್ಲಿ 1086ರಲ್ಲಿ ಒಂದನೆಯ ವಿಲಿಯಂ ದೊರೆಯು ಮಾಡಿಸಿದ ಭೂಮಿಕಾಣಿಗಳ ದಾಖಲೆಗೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಚರ್ಮಪತ್ರಗಳ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಆ ಗ್ರಂಥವು ಈಗಲೂ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿದೆ. ಲ್ಯಾಟಿನ್ ಬಲ್ಲವರು ಓದಬಹುದು. ಅದರ ಒಂಬೈನೂರನೆಯ ವರ್ಷದ ಸ್ಮರಣಾರ್ಥವಾಗಿ 1986ರಲ್ಲಿ ಬಿ. ಬಿ. ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಹೊರತಂದಿತು. ದೇಶವನ್ನೆಲ್ಲ 4 ಕಿಲೋಮೀಟರು ಅಗಲ 3 ಕಿಲೋಮೀಟರು ಎತ್ತರದ ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದ ವರ್ತಮಾನವನ್ನು ಶಾಲೆಯ ಮಕ್ಕಳಿಂದಲೂ ಊರಿನವರಿಂದಲೂ ಬರೆಯಿಸಿದರು. ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಇದರಲ್ಲಿ ಭಾಗವಹಿಸಿದರು. ಬರಹವನ್ನೂ ಸರ್ವೇ ಇಲಾಖೆಯ ಪಟಗಳನ್ನೂ ಛಾಯಾಚಿತ್ರಗಳನ್ನೂ 12 ಅಂಗುಲದ ಎರಡು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಅವುಗಳನ್ನು ಓದುವುದಕ್ಕೆ ಫಿಲಿಪ್ಸ್ ಸಂಸ್ಥೆಯ ವಿಶೇಷ ಯಂತ್ರವೂ ಏಕಾರ್ನ್ ಸಂಸ್ಥೆಯ ಗಣಕವೂ ಬೇಕಾಗಿದ್ದವು. ಆ ಯಂತ್ರಗಳ ತಯಾರಿಕೆಯು ನಿಂತುಹೋಯಿತು. ಹದಿನೈದು ವರ್ಷಗಳು ತುಂಬುವಷ್ಟರಲ್ಲಿ, ಒಂಬೈನೂರು ವರ್ಷದ ಪುಸ್ತಕವನ್ನು ಓದಬಹುದು, ನಿನ್ನೆಯದನ್ನು ಓದಲಾಗದು ಎಂಬ ಸ್ಥಿತಿಯು ಒದಗಿತು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಹಳೆಯ ಗಣಕದ ನಡೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ತಂತ್ರದಿಂದ ಅದನ್ನು ಪುನಃ ಓದಿ ತೋರಿಸಿದರು. ತಟ್ಟೆಗಳಲ್ಲಿ ಒಂದರ ವಿಷಯವು 2011ರಲ್ಲಿ ಅಂತರ್ಜಾಲಕ್ಕೂ ಬಂದಿತು. ಆ ತಾಣವು 2018ರಲ್ಲಿ ಮುಚ್ಚಿದಾಗ ಅದರ ಪ್ರತಿಯು ರಾಷ್ಟ್ರೀಯ ಭಂಡಾರವನ್ನು ಸೇರಿತು.

ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದ ಅಲ್ಪಾಯುಸ್ಸನ್ನು ಮಾತ್ರ ಎತ್ತಿ ಹೇಳುತ್ತಾರೆ. ನನಗೆ ಇದರಲ್ಲಿ ಹೆಚ್ಚು ಗಮನಾರ್ಹವಾಗಿ ತೋರುವುದು ಮತ್ತೊಂದು. ತಟ್ಟೆಯಲ್ಲಿದ್ದ ಬರಹವೂ ಅಂಕಿಗಳೂ ಸಂಖ್ಯಾರೂಪದಲ್ಲಿದ್ದುವು. ಪಟಗಳೂ ಛಾಯಾಚಿತ್ರಗಳೂ ಹಾಗಲ್ಲದೆ ದೂರದರ್ಶನದ ಚಿತ್ರಗಳಂತೆ ಅಲೆಗಳ ರೂಪದಲ್ಲಿ ಮುದ್ರಿತವಾಗಿದ್ದುವು. ಬರಹವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಲೇಶವೂ ವ್ಯತ್ಯಾಸವಿಲ್ಲದೆ ಸಾಗಿಸಬಹುದು. ಆ ಬಗೆಯ ಚಿತ್ರವನ್ನು ಹಾಗೆ ಸಾಗಿಸಲಾಗದು, ಪುನಃ ಹಿಡಿಯಬೇಕು, ಹಿಡಿಯುವಾಗ ಸ್ವಲ್ಪವಾದರೂ ಕಳೆಯುತ್ತದೆ. ಟಾಲೆಮಿಯ ಮಾತು ಇಲ್ಲಿಯೂ ಸಂಗತವಾಗಿಯೇ ಇದೆ.

ಈಗ ಪ್ರಕೃತಕ್ಕೆ ಬರುತ್ತೇನೆ. ಕಡತದ ರೂಪವೆಂದರೆ ಅದರೊಳಗೆ ಅಂಕಿಗಳನ್ನು ಜೋಡಿಸಿರುವ ಕ್ರಮ. ಆ ಕ್ರಮವನ್ನು ಗೊತ್ತುಮಾಡಿದವರು ಅದರ ವಿವರಣೆಯನ್ನು ಪ್ರಕಟಿಸಿರುವರೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಈ ಪರೀಕ್ಷೆಗೆ ಏಳು ಲಕ್ಷಣಗಳನ್ನು ಹೇಳಿದೆ. ವಿವರಣೆಯ ಪ್ರಕಟಣೆ, ಬಳಕೆಯ ವ್ಯಾಪ್ತಿ, ಸಾಮಾನ್ಯ ಸಾಧನಗಳಿಂದ ನೋಡಿ ತಿಳಿಯುವಂತಿರುವುದು, ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವುದು ಇವು ಅವುಗಳಲ್ಲಿ ಮುಖ್ಯವಾದವು. ವಿವರಣೆಯಿಲ್ಲದ ಕಡತವು ಸಿಂಧೂ ಲಿಪಿಯ ಮುದ್ರೆಯಂತೆ. ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಪ್ರಿನ್ಸೆಪನು ಬಿಡಿಸಿ ಓದಿದಂತೆ, ಕೆಲವು ಗೋಪ್ಯ ಕಡತಗಳನ್ನು ಬುದ್ಧಿವಂತರು ಪರೀಕ್ಷಿಸಿ ಬಿಡಿಸಿರುವುದೂ ಉಂಟು. ಎಸ್ರಿ ಎಂಬ ಅಮೆರಿಕದ ಸಂಸ್ಥೆಯ ‘ಫೈಲ್ ಜಿಯೋಡೇಟಾಬೇಸ್’ ಎಂಬ ರೂಪಕ್ಕೆ ಹೀಗೆಯೇ ಆಯಿತು. ಆದರೆ ಮುಂದೆ ಒಬ್ಬ ಪ್ರಿನ್ಸೆಪನು ಹುಟ್ಟುವನೆಂಬ ನಂಬಿಕೆಯಿಂದ ಇಂದು ನಾವು ಗೋಪ್ಯಲಿಪಿಯಲ್ಲಿ ಬರೆದಿಡುವುದು ವಿವೇಕವೆನಿಸದು.

ಅದೇ ಸಂಸ್ಥೆಯ ಮತ್ತೊಂದು ರೂಪವಾದ ‘ಶೇಪ್‌ಫೈಲ್’ ಬೇರೆ ದಾರಿಯನ್ನು ಹಿಡಿಯಿತು. ಅದರ ವಿವರಣೆಯು 1998ರಲ್ಲಿ ಪ್ರಕಟವಾದುದರಿಂದ ಜಗತ್ತಿನ ಬಹುಪಾಲು ಭೂಪಟತಂತ್ರಾಂಶಗಳು ಅದನ್ನು ಓದುತ್ತವೆ. ಇದನ್ನು ಹಳೆಯದೆಂದು ಹಳಿಯುವುದು ಈಗಿನ ರೂಢಿಯಾಗಿದೆ. ಆದರೂ ಲಕ್ಷಾಂತರ ಪ್ರತಿಗಳಿರುವ ಪ್ರಕಟಿತ ರೂಪವು ಬೇಗ ಅಳಿಯುವುದೆಂದು ನನಗೆ ತೋರುವುದಿಲ್ಲ. ಅದರ ದೋಷಗಳು ಬೇರೆ ಕಡೆಯಲ್ಲಿವೆ. ಹೆಸರಿಗೆ ಒಂದು ಕಡತವಾದರೂ ಅದು ಮೂರು ಕಡತಗಳ ಕಟ್ಟು: ಆಕೃತಿಗಳದೊಂದು, ಸೂಚಿಯದೊಂದು, ಗುಣಗಳ ಕೋಷ್ಟಕದ್ದೊಂದು. ಅಂಕಿಗಳು ಯಾವ ಭೂಮಾನಕ್ಕೆ ಸೇರಿದುವೆಂಬುದನ್ನು ಹೇಳುವುದು ನಾಲ್ಕನೆಯ ಕಡತ. ಅದು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಓಲೆಗರಿಗಳ ದಾರವು ಹರಿದು, ಗ್ರಂಥದ ಹೆಸರೂ ಕಾಲವೂ ಇದ್ದ ಕಡೆಯ ಗರಿಯು ಮಾತ್ರ ಎಲ್ಲಿಯೋ ಹೋದ ಕಟ್ಟುಗಳನ್ನು ನಾವು ಎಷ್ಟು ಕಂಡಿಲ್ಲ!

ಕನ್ನಡದ ದೃಷ್ಟಿಯಿಂದ ಈ ರೂಪಕ್ಕೆ ಮತ್ತೂ ಒಂದು ಕುಂದುಂಟು. ಇದರ ಕೋಷ್ಟಕವು ಡಿಬೇಸ್ ಎಂಬ ಹಳೆಯ ತಂತ್ರಾಂಶದಿಂದ ಬಂದುದು. ಅದರಲ್ಲಿ ಒಂದು ಅಂಕಣದ ಹೆಸರಿಗೆ 10 ಬೈಟುಗಳಷ್ಟು ಮಾತ್ರ ಅವಕಾಶ. ರೋಮನ್ ಲಿಪಿಯಲ್ಲಿ ಅಕ್ಷರಕ್ಕೆ ಒಂದು ಬೈಟು ಸಾಕು. ಯುನಿಕೋಡಿನ ಯು. ಟಿ. ಎಫ್. 8 ಎಂಬ ಬರವಣಿಗೆಯಲ್ಲಿ ಕನ್ನಡದ ವ್ಯಂಜನಕ್ಕೆ ಮೂರು, ಸ್ವರಚಿಹ್ನೆಗೆ ಮೂರು, ವಿರಾಮಕ್ಕೆ ಮೂರು ಬೈಟುಗಳು ಬೇಕು. ಹೀಗಾಗಿ ‘ಊರು’ ಎಂಬುದಕ್ಕೂ ‘ನದಿ’ ಎಂಬುದಕ್ಕೂ ಸ್ಥಳವಿದೆ. ‘ಕೆರೆ’ಗೆ 12, ‘ಹಳ್ಳಿ’ಗೆ 15 ಬೈಟುಗಳಾಗುವುದರಿಂದ ಅವು ಹಿಡಿಯುವುದಿಲ್ಲ. ಕೆರೆಯಿಲ್ಲದ ಕನ್ನಡನಾಡಿನ ಪಟವು ಎಂಥದು! ಕೋಷ್ಟಕದ ಒಳಗೆ ಬರೆದ ಕನ್ನಡವನ್ನು ಯಾವ ಸಂಕೇತಕ್ರಮದಲ್ಲಿ ಓದಬೇಕೆಂದು ಹೇಳುವುದು ಮತ್ತೊಂದು ಬಿಡಿ ಕಡತ. ಅದು ತಪ್ಪಿದರೆ ತಂತ್ರಾಂಶವು ಊಹೆಮಾಡಿ ಓದುತ್ತದೆ, ಹೆಸರುಗಳು ಅಪಭ್ರಂಶಕ್ಕೂ ಸಲ್ಲದ ಚಿಹ್ನೆಗಳಾಗುತ್ತವೆ. ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೂ ಸ್ಥಾನವಿದೆ. ಆದರೂ ಬಹುಕಾಲ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳಲ್ಲಿ ಅಕ್ಷರದ ಭಾಗಗಳಿಗೆ ರೋಮನ್ ಲಿಪಿಯ ಸ್ಥಾನಗಳನ್ನು ಕೊಟ್ಟು ಬರೆಯುವ ಪದ್ಧತಿಯು ನಡೆದಿತ್ತು. ಆ ಕಾಲದ ಗ್ರಾಮನಾಮಗಳ ಪಟ್ಟಿಗಳು ಆಯಾ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಕನ್ನಡವಾಗಿ ಕಾಣುವುದೇ ಇಲ್ಲ. ಇವುಗಳನ್ನು ಪರಿವರ್ತಿಸುವ ಸಾಧನಗಳು ದೊರೆಯುತ್ತಿರುವಾಗಲೇ ಪರಿವರ್ತಿಸಿಕೊಳ್ಳುವುದು ನಮ್ಮ ಕಡೆಯ ತುರ್ತಿನ ಕೆಲಸ.

ಇನ್ನು ಅಂಕಿಯ ಆಶ್ರಯದ ವಿಚಾರ. ಮೈಸೂರಿನ ಯುದ್ಧವು ಮುಗಿದ ಮೇಲೆ 1800ರಲ್ಲಿ ಲ್ಯಾಂಬ್‌ಟನ್ನನು ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು; 1802ರಲ್ಲಿ ಮದರಾಸಿನಿಂದ ಮಹಾತ್ರಿಕೋಣಮಾಪನವು ಆರಂಭವಾಯಿತು. ಅವನ ತರುವಾಯ ಬಂದ ಎವರೆಸ್ಟನು 1830ರಲ್ಲಿ ಭೂಗೋಲದ ಆಕಾರವನ್ನು ಗಣಿಸಿದನು. ಮಧ್ಯಭಾರತದ ಕಲಿಯಾನ್‌ಪುರವನ್ನು ಮೂಲಸ್ಥಾನವಾಗಿಟ್ಟುಕೊಂಡು ಆ ಆಕಾರದ ಮೇಲೆ ನಮ್ಮ ಸರ್ವೇ ಪಟಗಳೆಲ್ಲ ಎಣಿಸಲ್ಪಟ್ಟುವು. 2005ರ ರಾಷ್ಟ್ರೀಯ ಭೂಪಟನೀತಿಯ ಪ್ರಕಾರ ಸಾರ್ವಜನಿಕರಿಗಾಗಿ ಹೊರಟ ಪಟಗಳು 1984ರ ಲೋಕಮಾನವನ್ನು ಆಶ್ರಯಿಸಿವೆ. ಹಳೆಯ ಪಟದಿಂದ ತೆಗೆದ ಅಕ್ಷಾಂಶ ರೇಖಾಂಶಗಳನ್ನು ಹೊಸ ಪಟದ ಮೇಲೆ ಹಾಗೆಯೇ ಇಟ್ಟರೆ ನಮ್ಮ ನಾಡಿನಲ್ಲಿ ನೂರು ಮೀಟರಿಗೂ ಹೆಚ್ಚು ಅಂತರವು ಬೀಳುತ್ತದೆ. ಶಾಸನದ ಕಲ್ಲು ಗುಡಿಯ ಅಂಗಳದಿಂದ ಕೆರೆಯ ನೀರಿಗೆ ಸರಿಯುವುದಕ್ಕೆ ಅಷ್ಟು ಸಾಕು. ಅಂಕಿಯಲ್ಲಿ ದೋಷವಿಲ್ಲ, ಯಾವ ಮಾನವೆಂಬುದನ್ನು ಬರೆಯದಿರುವುದೇ ದೋಷ. ಅಂಕಿಗಳ ಅನುಕ್ರಮವನ್ನು ಹೇಳದಿದ್ದರೂ ಅನರ್ಥವುಂಟು. ಟಾಲೆಮಿಯು ರೇಖಾಂಶವನ್ನು ಮೊದಲು ಹೇಳಿದನು. ನಾವು ವಾಡಿಕೆಯಾಗಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಕಡತದ ರೂಪಗಳಲ್ಲಿ ಎರಡು ಮತಗಳೂ ಇವೆ. ಧಾರವಾಡದ 15 ಮತ್ತು 75 ಅಂಶಗಳನ್ನು ವ್ಯತ್ಯಸ್ತವಾಗಿ ಓದಿದರೆ ಅದು ನಾರ್ವೆಗೂ ಉತ್ತರದ ಹಿಮಸಮುದ್ರದಲ್ಲಿ ತೋರುತ್ತದೆ!

ಈ ಸಂದರ್ಭದಲ್ಲಿ ‘ಜಿಯೋಜೇಸನ್’ ಎಂಬ ರೂಪವನ್ನು ಕುರಿತು ಒಂದು ಮಾತು. ಇದು ಕಣ್ಣಿಗೆ ಓದಲು ಬರುವ ಅಕ್ಷರಗಳಲ್ಲಿಯೇ ಇದೆ, ವಿವರಣೆಯೂ ಪ್ರಕಟವಾಗಿದೆ. ಆದರೆ 2016ರ ನಿಯಮದಂತೆ ಇದರಲ್ಲಿ ಎಲ್ಲ ಸ್ಥಾನಗಳೂ 1984ರ ಲೋಕಮಾನದಲ್ಲಿಯೇ ಇರಬೇಕು. ಹಳೆಯ ಪಟದ ಅಂಕಿಗಳನ್ನು ಇದಕ್ಕೆ ತರುವವನು ಅವುಗಳನ್ನು ಬದಲಾಯಿಸಲೇಬೇಕು. ಬದಲಾಯಿಸುವ ಸೂತ್ರಗಳೂ ಒಂದೇ ಅಲ್ಲ. ಬೇರೆ ಸೂತ್ರದಿಂದ ಬೇರೆ ಫಲವು ಬರುತ್ತದೆ. ಮೂಲದ ಅಂಕಿಯನ್ನು ಬಿಟ್ಟು ಫಲವನ್ನು ಮಾತ್ರ ಉಳಿಸುವುದು, ಸಂಪಾದಕನು ತನಗೆ ಸರಿತೋರಿದ ಪಾಠವನ್ನು ಮಾತ್ರ ಅಚ್ಚುಹಾಕಿಸಿ ಪಾಠಾಂತರಗಳನ್ನು ಸುಟ್ಟಂತಾಗುತ್ತದೆ. ಹಂಚಿಕೊಳ್ಳುವುದಕ್ಕೆ ಈ ರೂಪವು ಯೋಗ್ಯವೇ ಹೊರತು ಹಳೆಯ ಪಟಗಳ ಮೂಲಪ್ರತಿಗೆ ಯೋಗ್ಯವಲ್ಲವೆಂದು ನನ್ನ ಅಭಿಪ್ರಾಯ.

ಕಾಗದದ ಪಟಗಳ ಬಿಂಬಗಳಿಗೆ ‘ಜಿಯೋಟಿಫ್’ ಎಂಬ ರೂಪವು ನಿಸ್ಸಂದೇಹವಾಗಿ ಉತ್ತಮ. 1992ರಲ್ಲಿ ಸ್ಥಿರವಾದ ಟಿಫ್ ಎಂಬ ಚಿತ್ರರೂಪಕ್ಕೆ ಸ್ಥಾನಮಾನಗಳ ಸೂಚನೆಯನ್ನು ಒಳಗೇ ಸೇರಿಸಿ ಇದನ್ನು ಏರ್ಪಡಿಸಿದರು. 2019ರಲ್ಲಿ ಭೂಸ್ಥಳವಿಷಯಕವಾದ ಅಂತರರಾಷ್ಟ್ರೀಯ ಕೂಟವು ಇದನ್ನು ತನ್ನ ಪ್ರಮಾಣವಾಗಿ ಅಂಗೀಕರಿಸಿತು. ಇದರ ಬದಲು ಜೆಪೆಗ್ ಚಿತ್ರವನ್ನೂ ಅದರ ಪಕ್ಕದಲ್ಲಿ ‘ವರ್ಲ್ಡ್ ಫೈಲ್’ ಎಂಬುದನ್ನೂ ಇಡುವ ಪದ್ಧತಿಯಿದೆ. ಆ ಪಕ್ಕದ ಕಡತದಲ್ಲಿರುವುದು ಆರು ಸಾಲುಗಳ ಆರು ಸಂಖ್ಯೆಗಳು ಮಾತ್ರ; ಭೂಮಾನದ ಹೆಸರೇ ಇಲ್ಲ. ಜೆಪೆಗಿನಲ್ಲಿ ಸ್ಥಳವನ್ನು ಉಳಿಸುವುದಕ್ಕಾಗಿ ಚಿತ್ರದ ಸೂಕ್ಷ್ಮಾಂಶಗಳನ್ನು ತ್ಯಜಿಸುವುದರಿಂದ, ಮೊದಲು ಕೆಡುವುದು ಸಣ್ಣ ಅಕ್ಷರದ ಊರಿನ ಹೆಸರುಗಳೇ.

ಗೆರೆ, ಬಿಂದು, ಸೀಮೆಗಳಿಗೆ ಈಗ ಇರುವುದರಲ್ಲಿ ‘ಜಿಯೋಪ್ಯಾಕೇಜ್’ ನನಗೆ ಸಮ್ಮತವಾದುದು. 2014ರಲ್ಲಿ ಅದೇ ಕೂಟದ ಪ್ರಮಾಣವಾದ ಇದು ಒಂದೇ ಕಡತ. ಭೂಮಾನದ ಲಕ್ಷಣವು ಅದರೊಳಗಿನ ಒಂದು ಕೋಷ್ಟಕದಲ್ಲಿ ಕಡ್ಡಾಯವಾಗಿ ಇರುತ್ತದೆ, ಬರಹವು ಯುನಿಕೋಡಿನಲ್ಲಿ, ಅಂಕಣಗಳ ಹೆಸರಿಗೆ ಹಿಂದೆ ಹೇಳಿದ ಇಕ್ಕಟ್ಟಿಲ್ಲ. ಇದಕ್ಕೆ ಆಧಾರವಾದ ಎಸ್. ಕ್ಯೂ. ಲೈಟ್ ಎಂಬುದು ಯಾರ ಸ್ವಾಮ್ಯಕ್ಕೂ ಒಳಪಡದೆ ಸಾರ್ವಜನಿಕವಾಗಿದೆ. ಹೀಗಿದ್ದರೂ ಇದು ಕಣ್ಣಿಗೆ ನೇರವಾಗಿ ಓದಿಸುವ ರೂಪವಲ್ಲ. ಆದುದರಿಂದ ಇದರ ಜೊತೆಯಲ್ಲಿ ಸರಳ ಅಕ್ಷರಗಳ ಕೋಷ್ಟಕವೊಂದು ಇರಬೇಕು: ಊರಿನ ಹೆಸರು ಕನ್ನಡದಲ್ಲಿ, ಮೂಲಪಟದಲ್ಲಿದ್ದ ಕಾಗುಣಿತ, ಅಕ್ಷಾಂಶ, ರೇಖಾಂಶ, ಯಾವ ಮಾನ, ಯಾವ ಪಟ, ಯಾವ ವರ್ಷ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ರೂಪವನ್ನು ಬದಲಾಯಿಸುವುದರಿಂದಲೇ ಹಾನಿಯಾಗುವುದಾದರೆ, ಬಂದ ಕಡತವನ್ನು ಬಂದಂತೆಯೇ ಇಟ್ಟು, ಓದುವ ಉಪಾಯವನ್ನು ಮುಂದಿನವರಿಗೆ ಬಿಡಬಾರದೇ? ಡೂಮ್ಸ್‌ಡೇ ತಟ್ಟೆಗಳು ಹಾಗೆಯೇ ಬದುಕಿದುವಲ್ಲವೇ? ಇದಕ್ಕೆ ಸಮಾಧಾನವೇನೆಂದರೆ, ಮೂಲವನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮೂಲದ ಕಡತವು ಒಂದು ಬೈಟೂ ವ್ಯತ್ಯಾಸವಿಲ್ಲದೆ ಇರಲಿ. ಅದರ ಪಕ್ಕದಲ್ಲಿ ಸುಲಭರೂಪದ ಪ್ರತಿಯು ವ್ಯಾಖ್ಯಾನದಂತೆ ಇರಲಿ. ಡೂಮ್ಸ್‌ಡೇಯ ಉದ್ಧಾರಕ್ಕೆ ಎರಡು ವಿಶ್ವವಿದ್ಯಾಲಯಗಳ ಶ್ರಮವು ಒದಗಿತು. ಒಂದು ತಾಲ್ಲೂಕಿನ ಕೆರೆಗಳ ಪಟಕ್ಕೆ ಅಂಥ ಶ್ರಮವನ್ನು ಯಾರು ಮಾಡುವರು? ಮೂಲವು ಕೆಟ್ಟಿಲ್ಲವೆಂದು ತಿಳಿಯುವುದಕ್ಕೆ ಈಗ ಕಡತದ ಎಲ್ಲ ಬೈಟುಗಳಿಂದಲೂ ಗಣಿಸಿದ ಒಂದು ಮುದ್ರಾಸಂಖ್ಯೆಯನ್ನು ಬರೆದಿಡುತ್ತಾರೆ. ವೇದಪಾಠಿಗಳು ಪದ, ಕ್ರಮ, ಜಟಾ, ಘನಗಳೆಂದು ಒಂದೇ ಮಂತ್ರವನ್ನು ಹಲವು ಬಗೆಯಲ್ಲಿ ಹೇಳಿ ಪಾಠವನ್ನು ಕಾಪಾಡಿದುದು ಇದೇ ಉದ್ದೇಶದಿಂದ. ಭೇದವಿಷ್ಟು: ಮುದ್ರಾಸಂಖ್ಯೆಯು ತಪ್ಪಾಗಿದೆಯೆಂದು ಮಾತ್ರ ಹೇಳುತ್ತದೆ, ಘನಪಾಠವು ತಪ್ಪು ಎಲ್ಲಿದೆಯೆಂದೂ ತೋರಿಸುತ್ತದೆ. ಆದಕಾರಣ ಸಂಖ್ಯೆಯೊಂದರಿಂದಲೇ ತೃಪ್ತರಾಗದೆ ಮೂರು ನಾಲ್ಕು ಊರುಗಳಲ್ಲಿ ಪ್ರತಿಗಳನ್ನು ಇಡತಕ್ಕದ್ದು.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನೀರಿನಲ್ಲಿ ಮುಳುಗಿದ ಹಳ್ಳಿಗಳು ಹೊಸ ಪಟಗಳಲ್ಲಿ ಇಲ್ಲ. ಅವು ಇರುವುದು ಎವರೆಸ್ಟನ ಮಾನದ ಹಳೆಯ ಪಟಗಳಲ್ಲಿ. ಆ ಸೀಮೆಯ ಶಾಸನಗಳಲ್ಲಿ ಬರುವ ಊರುಗಳನ್ನು ಗುರುತಿಸುವವರಿಗೆ ಆ ಪಟಗಳನ್ನು ಬಿಟ್ಟರೆ ಬೇರೆ ಆಧಾರವು ಕಡಿಮೆ. ಗಣಕಕ್ಕೆ ಏರಿಸುವ ಕೆಲಸವನ್ನು ಇವುಗಳಿಂದ ಮೊದಲುಮಾಡಿ, ಬಿಂಬವನ್ನು ಜಿಯೋಟಿಫ್ ರೂಪದಲ್ಲಿಯೂ ಹೆಸರುಗಳನ್ನು ಮೇಲೆ ಹೇಳಿದ ಕೋಷ್ಟಕದಲ್ಲಿಯೂ ಇಟ್ಟು, ಪಟದ ಅಂಚಿನಲ್ಲಿ ಅಚ್ಚಾಗಿರುವ ಸರ್ವೇ ವರ್ಷ, ಪ್ರಮಾಣ, ಚಿಹ್ನೆಗಳ ವಿವರಣೆ ಇವುಗಳನ್ನು ಕತ್ತರಿಸದೆ ಪೂರ್ತಿಯಾಗಿ ಉಳಿಸಿಕೊಳ್ಳಬೇಕು.